ಪಗಾರದಿಂದ ಕಡಿತವಾದ ಹಣದ ಇತಿಹಾಸ

ಇತಿಹಾಸದ ಪಾಠದಲ್ಲಿ ತೆರಿಗೆ ಎಂದೊಡನೆ ನಮಗೆ ನೆನಪಾಗುವುದು ಭೂಕಂದಾಯ, ಉಪ್ಪಿನ ಕರ, ಊರಬಾಗಿಲ ಸುಂಕದ ಕಟ್ಟೆ. ಇವೆಲ್ಲ ಕಣ್ಣಿಗೆ ಕಾಣುವ ತೆರಿಗೆಗಳು. ರೈತನು ಚಾವಡಿಗೆ ಹೋಗಿ ಹಣ ಎಣಿಸಿ ಕೊಡುತ್ತಿದ್ದನು, ಕೊಟ್ಟದ್ದಕ್ಕೆ ಪಾವತಿ ಪಡೆಯುತ್ತಿದ್ದನು. ನೌಕರಿ ಮಾಡುವವರ ಆದಾಯ ತೆರಿಗೆ ಹಾಗಲ್ಲ. ಪಗಾರ ಕೈಗೆ ಬರುವ ಮೊದಲೇ ಅದು ಕಡಿತವಾಗಿರುತ್ತದೆ. ಕೊಟ್ಟ ಅನುಭವವೇ ಇಲ್ಲದ ಕಾರಣ, ಹೆಚ್ಚು ಹೋಯಿತೆ, ಕಡಿಮೆ ಹೋಯಿತೆ, ಹೋದದ್ದು ಸರ್ಕಾರಕ್ಕೆ ತಲುಪಿತೆ ಎಂದು ಕೇಳುವ ರೂಢಿಯೂ ನಮ್ಮಲ್ಲಿ ಬೆಳೆದಿಲ್ಲ.

ಈ ಪ್ರಶ್ನೆಗಳು ಏಳುವುದು ನೌಕರಿ ಬದಲಾಯಿಸಿದಾಗ. ಬೆಳಗಾವಿಯ ಕಾಲೇಜುಗಳಲ್ಲಿ ಓದಿದವರು, ಖಾನಾಪುರ ತಾಲೂಕಿನ ಹಳ್ಳಿಗಳಿಂದ ಹೊರಟವರು ಇಂದು ಪುಣೆ, ಗೋವಾ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಒಂದೇ ವರ್ಷದಲ್ಲಿ ಎರಡು ಕಡೆ ದುಡಿಯುವುದು ಈಗ ವಿಶೇಷವೇನಲ್ಲ. ಆಗ ತೆರಿಗೆಯ ಲೆಕ್ಕ ತಪ್ಪುವುದೇಕೆ? ತಪ್ಪಿದ್ದನ್ನು ಸರಿಪಡಿಸಿಕೊಂಡು ಹೆಚ್ಚಿನ ಹಣವನ್ನು ಮರಳಿ ಪಡೆಯುವ ಹಕ್ಕು ನಮಗೆ ಬಂದುದು ಹೇಗೆ? ಇದಕ್ಕೆ ಉತ್ತರ ಹುಡುಕಬೇಕಾದರೆ ನಾವು ನೂರಾ ಅರವತ್ತು ವರ್ಷಗಳಿಗೂ ಹಿಂದೆ ಹೋಗಬೇಕು.

ವಿಲ್ಸನ್ ತಂದ ತೆರಿಗೆ

1857ರ ದಂಗೆಯನ್ನು ಅಡಗಿಸಲು ಬ್ರಿಟಿಷ್ ಸರ್ಕಾರ ಮಾಡಿದ ಖರ್ಚು ಬಹಳ. ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಎಂಬ ಅರ್ಥಶಾಸ್ತ್ರಜ್ಞನನ್ನು ಇಂಗ್ಲೆಂಡಿನಿಂದ ಕರೆಸಲಾಯಿತು. 1843ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯನ್ನು ಸ್ಥಾಪಿಸಿದವನು ಈತನೇ. 1860ರ ಜುಲೈ 24ರಂದು ಭಾರತದ ಮೊದಲ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದಿತು. ವರ್ಷಕ್ಕೆ 200 ರೂಪಾಯಿಯಿಂದ 500 ರೂಪಾಯಿಯವರೆಗಿನ ಆದಾಯಕ್ಕೆ ಶೇಕಡ 2, ಅದಕ್ಕೂ ಮೇಲ್ಪಟ್ಟರೆ ಶೇಕಡ 4 ತೆರಿಗೆ. ಕಾಯಿದೆ ಬಂದ ಕೆಲವೇ ದಿನಗಳಲ್ಲಿ, ಆಗಸ್ಟ್ 11ರಂದು, ವಿಲ್ಸನ್ ಕಲ್ಕತ್ತೆಯಲ್ಲಿ ತೀರಿಕೊಂಡನು. ಐದು ವರ್ಷಗಳಿಗೆಂದು ತಂದ ಆ ತೆರಿಗೆ 1865ರಲ್ಲಿ ನಿಂತುಹೋಯಿತು. ಮುಂದೆ ಲೈಸೆನ್ಸ್ ತೆರಿಗೆ ಮುಂತಾದ ಹೆಸರುಗಳಲ್ಲಿ ಬಂದು ಹೋಗಿ, 1886ರ ಕಾಯಿದೆಯಿಂದ ಆದಾಯ ತೆರಿಗೆ ದೇಶದಲ್ಲಿ ನೆಲೆಯೂರಿತು.

1886ರ ಕಾಯಿದೆಯ ಎರಡು ಅಂಶಗಳು ಇಂದಿಗೂ ನಮ್ಮ ಜೊತೆಗಿವೆ. ಮೊದಲನೆಯದು, ಬೇಸಾಯದ ಆದಾಯಕ್ಕೆ ಕೊಟ್ಟ ವಿನಾಯಿತಿ. ಖಾನಾಪುರದ ಭತ್ತದ ಗದ್ದೆಯ ಒಡೆಯನಿಗೆ ಆದಾಯ ತೆರಿಗೆಯ ಪರಿಚಯ ಕಡಿಮೆಯಾಗಿರಲು ಇದೇ ಕಾರಣ. ಅಂಥ ಮನೆಯಿಂದ ಮೊದಲ ಬಾರಿಗೆ ನೌಕರಿಗೆ ಹೋದ ಮಗ ಅಥವಾ ಮಗಳಿಗೆ ತೆರಿಗೆಯ ವಿಷಯವನ್ನು ಹೇಳಿಕೊಡಲು ಮನೆಯಲ್ಲಿ ಯಾರೂ ಇರುವುದಿಲ್ಲ. ಎರಡನೆಯದು, ಸರ್ಕಾರಿ ನೌಕರರ ಸಂಬಳವನ್ನು ಕೊಡುವಾಗಲೇ ಅದರಿಂದ ತೆರಿಗೆ ಕಡಿಯುವ ಪದ್ಧತಿ. ‘ಮೂಲದಲ್ಲೇ ತೆರಿಗೆ ಕಡಿತ’ ಎಂದು, ಟಿ.ಡಿ.ಎಸ್. ಎಂದು ನಾವು ಕರೆಯುವ ವ್ಯವಸ್ಥೆಯ ಬೇರು ಇಲ್ಲಿದೆ.

ಬೆಳಗಾವಿಯ ಪಗಾರದಾರರು

1836ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಬೆಳಗಾವಿ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಆದ್ದರಿಂದ ಕಲ್ಕತ್ತೆಯಲ್ಲಿ ಮಾಡಿದ ಈ ಕಾಯಿದೆಗಳು ಇಲ್ಲಿ ನೇರವಾಗಿ ಅನ್ವಯಿಸುತ್ತಿದ್ದವು. 1886ರ ಕಾಯಿದೆಯಂತೆ ತೆರಿಗೆ ನಿರ್ಧರಿಸುವ ಅಧಿಕಾರಿ ಜಿಲ್ಲೆಯ ಕಲೆಕ್ಟರನೇ. ತಿಂಗಳಿಗೆ ನಿಶ್ಚಿತ ಪಗಾರ ಪಡೆಯುವವರು ಆ ಕಾಲದಲ್ಲಿ ಎಷ್ಟು ಮಂದಿ? ದಂಡಿನ ಪ್ರದೇಶದ ಅಧಿಕಾರಿಗಳು, ಕಚೇರಿ ಮತ್ತು ಕೋರ್ಟುಗಳ ನೌಕರರು, ಸರ್ಕಾರಿ ಶಾಲೆಯ ಮಾಸ್ತರರು. 1880ರ ದಶಕದಲ್ಲಿ ಸದರನ್ ಮರಾಠಾ ರೈಲ್ವೆ ಬೆಳಗಾವಿ, ಖಾನಾಪುರ, ಲೋಂಡಾ ಮಾರ್ಗವಾಗಿ ಹಳಿ ಹಾಕಿದ ಮೇಲೆ ರೈಲ್ವೆಯ ಪಗಾರದಾರರೂ ಸೇರಿಕೊಂಡರು.

ಅಂದಿನ ಲೆಕ್ಕವನ್ನು ಒಮ್ಮೆ ನೋಡೋಣ. ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಆದಾಯವಿದ್ದವರಿಗೆ ತೆರಿಗೆ ಇರಲಿಲ್ಲ. ಅಲ್ಲಿಂದ 2,000 ರೂಪಾಯಿಯ ಒಳಗಿನ ಸಂಬಳಕ್ಕೆ ರೂಪಾಯಿಗೆ 4 ಪೈ. ತಿಂಗಳಿಗೆ 50 ರೂಪಾಯಿ ಪಡೆಯುತ್ತಿದ್ದ ಗುಮಾಸ್ತನಿಗೆ 200 ಪೈ, ಅಂದರೆ 1 ರೂಪಾಯಿ 8 ಪೈ ಕಡಿತ. 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ ಎಂಬ ಹಳೆಯ ಕೋಷ್ಟಕ ಗೊತ್ತಿದ್ದರೆ ಸಾಕು, ಆ ಗುಮಾಸ್ತನೇ ತನ್ನ ತೆರಿಗೆಯನ್ನು ತಾನೇ ತಾಳೆ ನೋಡಬಹುದಿತ್ತು. ಜೀವಮಾನವೆಲ್ಲ ಒಂದೇ ಸರ್ಕಾರದ ನೌಕರಿ, ಒಂದೇ ಖಜಾನೆ. ಕಡಿಯುವವರೂ ಸರ್ಕಾರ, ಪಡೆಯುವವರೂ ಸರ್ಕಾರ. ಲೆಕ್ಕ ತಪ್ಪಲು ಅವಕಾಶ ಕಡಿಮೆ.

ಕಾಲ ಕಳೆದಂತೆ ಪಗಾರ ಕೊಡುವವರ ಸಂಖ್ಯೆ ಬೆಳೆಯಿತು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆ.ಎಲ್.ಇ. ಸಂಸ್ಥೆ ಸ್ಥಾಪನೆಯಾಯಿತು. 1970ರ ಸುಮಾರಿಗೆ ಅಲ್ಯೂಮಿನಿಯಂ ಕಾರ್ಖಾನೆ ಬಂದಿತು. ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳು, ಯಂತ್ರಭಾಗಗಳ ಕಾರ್ಖಾನೆಗಳು ತಲೆಯೆತ್ತಿದವು. ಖಾನಾಪುರದ ಮಣ್ಣು ಹೆಂಚಿಗೂ ಕುಂಬಾರಿಕೆಗೂ ಹೆಸರಾಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಗೆ ಬಂದಿತು. ಪಗಾರ ಕೊಡುವ ಕೈಗಳು ಹೆಚ್ಚಾದಷ್ಟೂ ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುವವರೂ ಹೆಚ್ಚಾದರು.

ನೌಕರಿಗಾಗಿ ಊರು ಬಿಟ್ಟರೆ ಕಾಯಿದೆಯೇ ಬದಲಾಗುತ್ತಿದ್ದ ಕಾಲವೂ ಇತ್ತು ಎಂಬುದು ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯ ತರಬಹುದು. ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ಆದಾಯ ತೆರಿಗೆ ಕಾಯಿದೆಯಿತ್ತು. ಬೆಳಗಾವಿಯಿಂದ ಬೆಂಗಳೂರಿಗೆ ಹೋದ ಕನ್ನಡಿಗ ಒಂದು ತೆರಿಗೆ ಆಡಳಿತದಿಂದ ಇನ್ನೊಂದಕ್ಕೆ ಹೋದಂತಾಗುತ್ತಿತ್ತು. 1950ರ ಏಪ್ರಿಲ್ 1ರಿಂದ ಭಾರತದ ಕಾಯಿದೆ ಮೈಸೂರಿಗೂ ವಿಸ್ತರಿಸಿತು. ಹೀಗೆ ನೋಡಿದರೆ, 1956ರ ಏಕೀಕರಣಕ್ಕೆ ಆರು ವರ್ಷ ಮೊದಲೇ ಬೆಳಗಾವಿ ಮತ್ತು ಬೆಂಗಳೂರು ಆದಾಯ ತೆರಿಗೆಯ ಮಟ್ಟಿಗೆ ಒಂದಾಗಿದ್ದವು.

ಅಂದಾಜಿನ ಮೇಲೆ ಕಡಿತ

1922ರ ಕಾಯಿದೆ ಸಂಬಳದಿಂದ ತೆರಿಗೆ ಕಡಿಯುವ ಹೊಣೆಯನ್ನು ಸಂಬಳ ಕೊಡುವ ಎಲ್ಲರ ಮೇಲೂ ಹೊರಿಸಿತು. ಹೆಚ್ಚು ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವ ಹಕ್ಕನ್ನೂ ಅದರ 48ನೆಯ ಕಲಮಿನಲ್ಲಿ ಹೇಳಿತು. 1962ರ ಏಪ್ರಿಲ್ 1ರಿಂದ ಜಾರಿಗೆ ಬಂದ 1961ರ ಕಾಯಿದೆ ಇದನ್ನು ಇನ್ನಷ್ಟು ವಿಸ್ತರಿಸಿತು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ತೆರಿಗೆ ಇರುವುದು ಇಡೀ ವರ್ಷದ ಆದಾಯದ ಮೇಲೆ. ಆದರೆ ಕಡಿತ ನಡೆಯುವುದು ತಿಂಗಳು ತಿಂಗಳು. ವರ್ಷ ಮುಗಿಯುವ ಮೊದಲೇ ಕಡಿಯಬೇಕಾದ್ದರಿಂದ ಮಾಲೀಕರು ವರ್ಷದ ಒಟ್ಟು ಸಂಬಳವನ್ನು ಅಂದಾಜು ಮಾಡಿ, ಅದರ ತೆರಿಗೆಯನ್ನು ಹಂಚಿ ಕಡಿಯುತ್ತಾರೆ. ನೌಕರ ಒಂದೇ ಕಡೆ ಇದ್ದರೆ ಅಂದಾಜು ಬಹುಮಟ್ಟಿಗೆ ನಿಜವಾಗುತ್ತದೆ. ನಡುವೆ ನೌಕರಿ ಬಿಟ್ಟರೆ ಅಂದಾಜು ಕುಸಿಯುತ್ತದೆ. ಹೊಸ ಮಾಲೀಕರಿಗೆ ಹಳೆಯ ಪಗಾರ ತಿಳಿಯದು. ಹಳೆಯವರಿಗೆ ಹೊಸದು ತಿಳಿಯದು.

ಬ್ರಿಟನ್ ಈ ತೊಡಕನ್ನು 1944ರಲ್ಲಿ ಒಂದು ಬಗೆಯಲ್ಲಿ ಬಿಡಿಸಿತು. ಅಲ್ಲಿ ಆ ವರ್ಷ ಬಂದ ‘ಗಳಿಸಿದಂತೆ ತೆರು’ ಪದ್ಧತಿಯಲ್ಲಿ, ನೌಕರಿ ಬಿಡುವವನಿಗೆ ಹಳೆಯ ಮಾಲೀಕ ಅಲ್ಲಿಯವರೆಗಿನ ಪಗಾರ ಮತ್ತು ತೆರಿಗೆಯನ್ನು ಬರೆದ ನಮೂನೆಯೊಂದನ್ನು ಕೊಡುತ್ತಾನೆ. ಅದಕ್ಕೆ ಪಿ-45 ಎಂದು ಹೆಸರು. ಹೊಸ ಮಾಲೀಕ ಅದನ್ನು ನೋಡಿ ಲೆಕ್ಕವನ್ನು ಮುಂದುವರಿಸುತ್ತಾನೆ. ಹೆಚ್ಚು ಕಡಿತವಾಗಿದ್ದರೆ ಮುಂದಿನ ಪಗಾರದಲ್ಲೇ ಅದು ಮರಳಿ ಬರಬಹುದು.

ಭಾರತದಲ್ಲಿ 1987ರ ಜೂನ್ 1ರಿಂದ ಜಾರಿಗೆ ಬಂದ ತಿದ್ದುಪಡಿಯೊಂದು, ಹಿಂದಿನ ನೌಕರಿಯ ಪಗಾರ ಮತ್ತು ಕಡಿತದ ವಿವರವನ್ನು ಹೊಸ ಮಾಲೀಕರಿಗೆ ಕೊಡಬಹುದು ಎಂದಿತು. ಅದಕ್ಕಾಗಿ ಇದ್ದುದು ನಮೂನೆ 12ಬಿ. ಆದರೆ ‘ಕೊಡಬಹುದು’ ಎಂಬ ಪದವನ್ನು ಗಮನಿಸಿ. ಕೊಡುವುದು ನೌಕರನ ಇಷ್ಟಕ್ಕೆ ಬಿಟ್ಟದ್ದು. ನೌಕರಿಯ ಮೊದಲ ದಿನ ಸಹಿ ಹಾಕುವ ಹತ್ತಾರು ಕಾಗದಗಳ ನಡುವೆ ಈ ನಮೂನೆಯನ್ನು ಕೇಳಿ ಪಡೆಯುವವರು ವಿರಳ.

ಎರಡು ಲೆಕ್ಕಗಳು

ಲೆಕ್ಕವಿಲ್ಲದೆ ಈ ವಿಷಯ ಮನಸ್ಸಿಗೆ ನಾಟುವುದಿಲ್ಲ. 2025-26ನೆಯ ಹಣಕಾಸು ವರ್ಷದ ಹೊಸ ಪದ್ಧತಿಯ ದರಗಳನ್ನು ತೆಗೆದುಕೊಳ್ಳೋಣ. ಸಂಬಳದಾರರಿಗೆ 75,000 ರೂಪಾಯಿ ನಿಗದಿತ ಕಡಿತ. ಉಳಿದ ಆದಾಯದಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇಕಡ 5, 8ರಿಂದ 12 ಲಕ್ಷದವರೆಗೆ ಶೇಕಡ 10, 12ರಿಂದ 16 ಲಕ್ಷದವರೆಗೆ ಶೇಕಡ 15. ಆದರೆ ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ತೆರಿಗೆ ಬಂದರೆ ಅದರ ಮೇಲೆ ಶೇಕಡ 4 ಸೆಸ್.

ಬೆಳಗಾವಿಯ ಒಬ್ಬ ಎಂಜಿನಿಯರನನ್ನು ಊಹಿಸಿಕೊಳ್ಳಿ. ಮೊದಲ ಆರು ತಿಂಗಳು ಒಂದು ಕಂಪನಿಯಲ್ಲಿ ತಿಂಗಳಿಗೆ 1 ಲಕ್ಷ. ಉಳಿದ ಆರು ತಿಂಗಳು ಇನ್ನೊಂದರಲ್ಲಿ ತಿಂಗಳಿಗೆ 1.25 ಲಕ್ಷ. ಮೊದಲ ಕಂಪನಿಯ ಅಂದಾಜು ವರ್ಷಕ್ಕೆ 12 ಲಕ್ಷ, 75,000 ಕಳೆದರೆ 11.25 ಲಕ್ಷ, ಹಾಗಾಗಿ ತೆರಿಗೆ ಇಲ್ಲ. ಎರಡನೆಯ ಕಂಪನಿಗೆ ತಾನು ಕೊಡುವ 7.5 ಲಕ್ಷ ಮಾತ್ರ ಗೊತ್ತು, ಅದಕ್ಕೂ ತೆರಿಗೆ ಇಲ್ಲ. ಇಬ್ಬರೂ ಒಂದು ಪೈಸೆಯನ್ನೂ ಕಡಿಯಲಿಲ್ಲ. ಆದರೆ ಒಟ್ಟು ಸಂಬಳ 13.5 ಲಕ್ಷ. 75,000 ಕಳೆದರೆ 12.75 ಲಕ್ಷ. ತೆರಿಗೆ 20,000, 40,000 ಮತ್ತು 11,250, ಒಟ್ಟು 71,250 ರೂಪಾಯಿ. ಸೆಸ್ 2,850 ಸೇರಿ 74,100 ರೂಪಾಯಿ. 75,000ದ ಕಡಿತವನ್ನೂ ರಿಯಾಯಿತಿಯನ್ನೂ ಇಬ್ಬರು ಮಾಲೀಕರೂ ಬೇರೆ ಬೇರೆಯಾಗಿ ಲೆಕ್ಕ ಹಿಡಿದುದರ ಫಲ ಇದು. ವರ್ಷದ ಕೊನೆಯಲ್ಲಿ ಈ ಹಣವನ್ನು, ಅದರ ಮೇಲಿನ ಬಡ್ಡಿಯನ್ನು ಅವನೇ ಕಟ್ಟಬೇಕು.

ಈಗ ಇನ್ನೊಂದು ಲೆಕ್ಕ. ಖಾನಾಪುರದ ಒಬ್ಬ ಯುವತಿಗೆ ಬೆಂಗಳೂರಿನಲ್ಲಿ ತಿಂಗಳಿಗೆ 1,30,000 ರೂಪಾಯಿ. ಕಂಪನಿಯ ಅಂದಾಜು ವರ್ಷಕ್ಕೆ 15.6 ಲಕ್ಷ, 75,000 ಕಳೆದು 14.85 ಲಕ್ಷ. ತೆರಿಗೆ ಸೆಸ್ ಸಹಿತ 1,06,860 ರೂಪಾಯಿ. ತಿಂಗಳಿಗೆ 8,905ರಂತೆ ಆರು ತಿಂಗಳಲ್ಲಿ 53,430 ರೂಪಾಯಿ ಕಡಿತವಾಯಿತು. ಆ ಮೇಲೆ ಅವಳು ಊರಿಗೆ ಮರಳಿ ತಿಂಗಳಿಗೆ 50,000ಕ್ಕೆ ಪಾಠ ಹೇಳತೊಡಗಿದಳು. ವರ್ಷದ ಒಟ್ಟು ಸಂಬಳ 7.8 ಲಕ್ಷ ಮತ್ತು 3 ಲಕ್ಷ, ಅಂದರೆ 10.8 ಲಕ್ಷ. 75,000 ಕಳೆದರೆ 10.05 ಲಕ್ಷ. 12 ಲಕ್ಷದ ಒಳಗಿರುವುದರಿಂದ ತೆರಿಗೆ ಸೊನ್ನೆ. ಕಡಿತವಾದ 53,430 ರೂಪಾಯಿಯೂ ಅವಳದೇ. ಹೊಸ ಪಗಾರದ ಒಂದು ತಿಂಗಳಿಗಿಂತ ಹೆಚ್ಚಿನ ಹಣ. ಆದರೆ ಅವಳು ರಿಟರ್ನ್ ಸಲ್ಲಿಸದಿದ್ದರೆ ಅದು ತಾನಾಗಿ ಅವಳ ಖಾತೆಗೆ ಬರುವುದಿಲ್ಲ. ‘ನನಗೆ ತೆರಿಗೆಯೇ ಇಲ್ಲ, ರಿಟರ್ನ್ ಏಕೆ?’ ಎಂದು ಸುಮ್ಮನಿರುವವರು ಕಳೆದುಕೊಳ್ಳುವುದು ಇಂಥ ಹಣವನ್ನು.

ಅಂಚೆ ಚೀಲದಿಂದ ಬ್ಯಾಂಕ್ ಖಾತೆಗೆ

ಬಹುಕಾಲ ನೌಕರನ ಕೈಯಲ್ಲಿದ್ದ ಸಾಕ್ಷಿ ಒಂದೇ. ಅದು ಮಾಲೀಕರು ಕೊಡುವ ಕಡಿತದ ಪ್ರಮಾಣಪತ್ರ. 1961ರ ಕಾಯಿದೆಯಡಿ ಅದಕ್ಕೆ ನಮೂನೆ 16 ಎಂದು ಹೆಸರು. ಅದನ್ನು ರಿಟರ್ನಿಗೆ ಲಗತ್ತಿಸಿ ಕಚೇರಿಗೆ ಕೊಟ್ಟು, ಮರುಪಾವತಿಯ ಚೆಕ್ಕಿಗಾಗಿ ಕಾಯಬೇಕಿತ್ತು. ಹಳೆಯ ಮಾಲೀಕರು ಪ್ರಮಾಣಪತ್ರ ಕೊಡದಿದ್ದರೆ ಮರುಪಾವತಿ ಕೇಳಲು ಆಧಾರವೇ ಇರುತ್ತಿರಲಿಲ್ಲ.

ಬದಲಾವಣೆ ಹಂತ ಹಂತವಾಗಿ ಬಂದಿತು. 1995ರಲ್ಲಿ ಹತ್ತು ಅಕ್ಷರ ಮತ್ತು ಅಂಕಿಗಳ ಹೊಸ ಪ್ಯಾನ್ ಸಂಖ್ಯೆ ಬಂದಿತು. ಎಷ್ಟು ನೌಕರಿ ಬದಲಾದರೂ ವ್ಯಕ್ತಿಗೆ ಒಂದೇ ಸಂಖ್ಯೆ. 2000ದ ದಶಕದ ನಡುವಿನಿಂದ ಆ ಸಂಖ್ಯೆಯ ಹೆಸರಿನಲ್ಲಿ ಯಾರು ಯಾರು ಎಷ್ಟು ತೆರಿಗೆ ಜಮಾ ಮಾಡಿದ್ದಾರೆ ಎಂಬ ವಾರ್ಷಿಕ ವಿವರಪಟ್ಟಿ, ಅಂದರೆ 26ಎಎಸ್, ತಯಾರಾಗತೊಡಗಿತು. 2021ರ ನವೆಂಬರಿನಲ್ಲಿ ಬಡ್ಡಿ, ಲಾಭಾಂಶ ಮುಂತಾದವನ್ನೂ ತೋರಿಸುವ ವಾರ್ಷಿಕ ಮಾಹಿತಿ ಪಟ್ಟಿ ಬಂದಿತು.

ಈ ಕಥೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಆರಂಭವಾಯಿತು. ದೇಶದ ಎಲ್ಲ ವಿದ್ಯುನ್ಮಾನ ರಿಟರ್ನುಗಳ ಜೊತೆಗೆ ಕರ್ನಾಟಕ ಮತ್ತು ಗೋವಾದ ಕಾಗದದ ರಿಟರ್ನುಗಳನ್ನೂ ಅದು ಕೈಗೆತ್ತಿಕೊಂಡಿತು. ಕಂಪ್ಯೂಟರಿನಲ್ಲಿ ರಿಟರ್ನ್ ತುಂಬಿದವರು ಒಂದು ಹಾಳೆಗೆ ಸಹಿ ಹಾಕಿ ‘ಅಂಚೆ ಚೀಲ ಸಂಖ್ಯೆ 1, ಎಲೆಕ್ಟ್ರಾನಿಕ್ ಸಿಟಿ, ಬೆಂಗಳೂರು’ ಎಂಬ ವಿಳಾಸಕ್ಕೆ ಕಳಿಸುತ್ತಿದ್ದರು. ಕಾಶ್ಮೀರದ ಶಿಕ್ಷಕನ ಹಾಳೆಯೂ ಖಾನಾಪುರದ ಶಿಕ್ಷಕಿಯ ಹಾಳೆಯೂ ಬರುತ್ತಿದ್ದುದು ಅದೇ ಚೀಲಕ್ಕೆ. 2015ರಿಂದ ಆಧಾರ್ ಮೂಲಕವೂ ದೃಢೀಕರಿಸುವ ಸೌಲಭ್ಯ ಬಂದಿತು. 2019ರ ಮಾರ್ಚಿನಿಂದ ಮರುಪಾವತಿ ಪ್ಯಾನಿಗೆ ಜೋಡಿಸಿದ ಬ್ಯಾಂಕ್ ಖಾತೆಗೆ ಮಾತ್ರ ಜಮೆಯಾಗುತ್ತದೆ.

ಕಡಿದದ್ದು ತಲುಪದಿದ್ದರೆ

ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಮಾತು ಗೊತ್ತು. ಒಂದೇ ಉಪಕರಣದ ಅಳತೆಯನ್ನು ನಂಬಬಾರದು, ಇನ್ನೊಂದರಿಂದ ತಾಳೆ ನೋಡಬೇಕು. ಪಗಾರದ ಚೀಟಿ ಒಂದು ಅಳತೆ, ಸರ್ಕಾರದ ವಿವರಪಟ್ಟಿ ಇನ್ನೊಂದು ಅಳತೆ. ಇವೆರಡೂ ಬೇರೆಯಾಗಿರಲು ಸಾಧ್ಯವೆ? ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಹೊಂದಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ ಇದಕ್ಕೆ ನಿದರ್ಶನ. ನೌಕರರ ಸಂಬಳದಿಂದ ಕಡಿದ ತೆರಿಗೆ ಸರ್ಕಾರಕ್ಕೆ ಸಂದಾಯವಾಗಿರಲಿಲ್ಲ. 2012ರಲ್ಲಿ ತೆರಿಗೆ ಬಾಕಿಗಾಗಿ ಅದರ ಬ್ಯಾಂಕ್ ಖಾತೆಗಳನ್ನು ಸ್ತಂಭನಗೊಳಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಮಾನಗಳ ಹಾರಾಟ ನಿಂತಿತು.

ಇಂಥ ಸಂದರ್ಭದಲ್ಲಿ ನೌಕರ ಎರಡನೆಯ ಬಾರಿ ತೆರಿಗೆ ಕಟ್ಟಬೇಕೆ? ಬೇಕಿಲ್ಲ. ಪಗಾರದಿಂದ ಕಡಿತವಾದ ತೆರಿಗೆಯನ್ನು ಮತ್ತೆ ನೌಕರನಿಂದ ಕೇಳಬಾರದು ಎಂದು 1961ರ ಕಾಯಿದೆಯ 205ನೆಯ ಕಲಮು ಸ್ಪಷ್ಟವಾಗಿ ಹೇಳಿತು. ಹಾಗೆ ವಸೂಲಿಗೆ ಒತ್ತಾಯಿಸಬಾರದೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿ 2015ರ ಜೂನಿನಲ್ಲಿ ತನ್ನ ಅಧಿಕಾರಿಗಳಿಗೆ ತಿಳಿಸಿತು. ಆದರೆ ಕಡಿತವಾಗಿತ್ತು ಎಂಬುದನ್ನು ತೋರಿಸಲು ಪಗಾರದ ಚೀಟಿ, ಬ್ಯಾಂಕಿನ ಪಾಸ್‌ಬುಕ್ ನಮೂದುಗಳು ಬೇಕು. ನೌಕರಿ ಬಿಡುವಾಗ ಇವನ್ನು ಜೋಪಾನವಾಗಿ ಜೊತೆಗೆ ತರಬೇಕೆನ್ನುವುದು ಇದೇ ಕಾರಣಕ್ಕೆ.

ನೀವೇ ತಾಳೆ ನೋಡಿ

ಸಂಸತ್ತು ಅಂಗೀಕರಿಸಿದ ಹೊಸ ಆದಾಯ ತೆರಿಗೆ ಕಾಯಿದೆಗೆ 2025ರ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದು ಜಾರಿಯಾಗುವ ದಿನ 2026ರ ಏಪ್ರಿಲ್ 1 ಎಂದು ಕಾಯಿದೆಯಲ್ಲೇ ನಿಗದಿಯಾಗಿದೆ. ಗಳಿಸಿದ ವರ್ಷಕ್ಕೊಂದು ಹೆಸರು, ತೆರಿಗೆ ನಿರ್ಧರಿಸುವ ವರ್ಷಕ್ಕೆ ಇನ್ನೊಂದು ಹೆಸರು ಎಂಬ ಹಳೆಯ ಗೊಂದಲವನ್ನು ತೆಗೆದು ಅದು ‘ತೆರಿಗೆ ವರ್ಷ’ ಎಂಬ ಒಂದೇ ಪದವನ್ನು ಇಟ್ಟಿದೆ. ಕಾಯಿದೆ ಬದಲಾದಾಗ ಕಲಮುಗಳ ಮತ್ತು ನಮೂನೆಗಳ ಸಂಖ್ಯೆ ಬದಲಾಗುತ್ತದೆ. ನೌಕರ ಮಾಡಬೇಕಾದ ಕೆಲಸ ಮಾತ್ರ ಬದಲಾಗುವುದಿಲ್ಲ.

ಹೊಸ ನೌಕರಿಗೆ ಸೇರಿದ ಕೂಡಲೇ ಹಿಂದಿನ ಪಗಾರ ಮತ್ತು ಕಡಿತದ ವಿವರವನ್ನು ಬರಹದಲ್ಲಿ ಕೊಡಿ. ವರ್ಷ ಮುಗಿದ ಮೇಲೆ ಇಬ್ಬರು ಮಾಲೀಕರಿಂದಲೂ ಪ್ರಮಾಣಪತ್ರ ಪಡೆಯಿರಿ. ಅವುಗಳ ಅಂಕಿಗಳನ್ನು ಇಲಾಖೆಯ ವಿವರಪಟ್ಟಿಯೊಂದಿಗೆ ಸಾಲು ಸಾಲಾಗಿ ಹೋಲಿಸಿ. ವ್ಯತ್ಯಾಸ ಕಂಡರೆ ಹಳೆಯ ಮಾಲೀಕರಿಗೆ ಬರೆದು ಸರಿಪಡಿಸಲು ಕೇಳಿ. ನಿಗದಿತ ಗಡುವಿನೊಳಗೆ ರಿಟರ್ನ್ ಸಲ್ಲಿಸಿ, 30 ದಿನಗಳೊಳಗೆ ಅದನ್ನು ದೃಢೀಕರಿಸಿ. ಮರುಪಾವತಿ ತಡವಾದರೆ ತಿಂಗಳಿಗೆ ಶೇಕಡ ಅರ್ಧದಂತೆ ಬಡ್ಡಿ ಕೊಡುವ ನಿಯಮವಿದೆ. ಮರುಪಾವತಿಯ ಮೊತ್ತ ನಿಮ್ಮ ತೆರಿಗೆಯ ಶೇಕಡ 10ಕ್ಕಿಂತ ಕಡಿಮೆಯಿದ್ದರೆ ಬಡ್ಡಿ ಇಲ್ಲ.

ಎಚ್ಚರದ ಎರಡು ಮಾತುಗಳೂ ಬೇಕು. ‘ನಿಮಗೆ ಮರುಪಾವತಿ ಬಂದಿದೆ, ಇಲ್ಲಿ ಒತ್ತಿ’ ಎಂದು ಫೋನಿಗೆ ಬರುವ ಸಂದೇಶಗಳಿಗೆ ಖಾತೆಯ ಗುಟ್ಟಿನ ಸಂಖ್ಯೆಗಳನ್ನು ಕೊಡಬೇಡಿ. ಹಾಗೆಯೇ, ಇಲ್ಲದ ಬಾಡಿಗೆ, ಇಲ್ಲದ ದೇಣಿಗೆ ತೋರಿಸಿ ದೊಡ್ಡ ಮರುಪಾವತಿ ಕೊಡಿಸುತ್ತೇನೆ ಎನ್ನುವ ಮಧ್ಯವರ್ತಿಗಳನ್ನು ದೂರವಿಡಿ. ಇಂಥ ಸುಳ್ಳು ಲೆಕ್ಕಗಳ ವಿರುದ್ಧ ಬೆಂಗಳೂರಿನ ಕೇಂದ್ರ 2018ರ ಏಪ್ರಿಲಿನಲ್ಲೇ ಸಂಬಳದಾರರನ್ನು ಎಚ್ಚರಿಸಿತ್ತು. ರಿಟರ್ನಿನಲ್ಲಿ ಬರೆದದ್ದಕ್ಕೆ ಹೊಣೆ ಮಧ್ಯವರ್ತಿಯದಲ್ಲ, ಅದನ್ನು ಸಲ್ಲಿಸಿದವರದು.

ಮರುಪಾವತಿ ಸರ್ಕಾರದ ಕೃಪೆಯಲ್ಲ, ಅದೃಷ್ಟದ ಹಣವೂ ಅಲ್ಲ. ಅಂದಾಜಿನ ಮೇಲೆ ಕಡಿದದ್ದು ನಿಜವಾದ ಲೆಕ್ಕಕ್ಕಿಂತ ಹೆಚ್ಚಾದಾಗ ಉಳಿದ ನಮ್ಮದೇ ಪಗಾರ ಅದು. 1886ರ ಬೆಳಗಾವಿಯ ಗುಮಾಸ್ತನಿಗೆ ಪೈಗಳ ಕೋಷ್ಟಕ ಗೊತ್ತಿದ್ದರೆ ಸಾಕಾಗಿತ್ತು. ಇಂದಿನ ಲೆಕ್ಕ ಅದಕ್ಕಿಂತ ಕಠಿಣ, ಆದರೆ ಸರ್ಕಾರದ ಪುಸ್ತಕದಲ್ಲಿ ತನ್ನ ಹೆಸರಿನ ಪುಟವನ್ನು ತಾನೇ ತೆರೆದು ನೋಡುವ ಅವಕಾಶ ಅವನಿಗಿರಲಿಲ್ಲ, ನಿಮಗಿದೆ. ಮೊದಲ ಪಗಾರದ ವರ್ಷದಿಂದಲೇ ಅದನ್ನು ತೆರೆದು ನೋಡುವ ರೂಢಿ ಮಾಡಿಕೊಳ್ಳಿ.